ಐದು ಬಗೆಯ ನೆಲ

೪ ಆಗಸ್ಟ್ ೨೦೦೮, ಸೋಮವಾರ

ಮತ್ತೆ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ. ಚಿತ್ತವಾಡ್ಗಿಯ ಕರೆಂಟಿಗೂ ನಮ್ಮ ಅತ್ತೆಯ ಸಿಟ್ಟಿಗೂ ಹೇಳದೆ ಬರುವ, ಹೇಳದೆ ಹೋಗುವ ಅಭ್ಯಾಸ. ಸೇವ್ ಮಾಡಿದ್ದೆ, ಬದುಕಿದೆ.

ಇವತ್ತಿನ ಕೆಲಸ — ನೆಲ ಕಡಿಮೆ ಮಾಡುವುದು. ಹೈದರಾಬಾದಿನ ಕಂಪನಿಗಾಗಿ ಒಂದು ಹಳೆಯ ಕಂಪ್ಯೂಟರ್ ಆಟವನ್ನು ಅಂಗೈಯಲ್ಲಿ ಹಿಡಿಯುವ, ಎರಡು ಪರದೆಯ ಡಬ್ಬಿಗೆ ಇಳಿಸಿಕೊಡಬೇಕು. ಕೋಟೆ ಕಟ್ಟು, ಗಣಿ ತೋಡು, ಗಾಡಿಯಲ್ಲಿ ಅದಿರು ಸಾಗಿಸು, ಸೈನ್ಯ ಸಾಕು, ಪಕ್ಕದ ರಾಜನನ್ನು ಮುಗಿಸು — ಅಂಥ ಆಟ. ಕಂಪ್ಯೂಟರಿನಲ್ಲಿ ಅದಕ್ಕೆ ಹದಿನಾಲ್ಕು ಬಗೆಯ ನೆಲ. ಡಬ್ಬಿಯ ಮೆಮೊರಿಗೆ ಐದಕ್ಕಿಂತ ಹೆಚ್ಚು ಹಿಡಿಸದು. ಬಯಲು, ಬೆಟ್ಟ, ಕಾಡು, ನೀರು, ದಾರಿ. ಅಷ್ಟೇ. ಕಾಲುದಾರಿ, ಬಂಡಿಜಾಡು, ಸೇತುವೆ, ಕೆರೆ ಏರಿ — ಎಲ್ಲವನ್ನೂ 'ದಾರಿ'ಗೆ ಸೇರಿಸಿಬಿಟ್ಟೆ. ಮೂಲ ಆಟದಲ್ಲಿ ತುಂಬಿದ ಗಾಡಿ ಏರಿಯ ಮೇಲೆ ಹೋದರೆ ಏರಿ ಒಡೆಯುತ್ತಿತ್ತು. ಆ ನಿಯಮವನ್ನೂ ಕಿತ್ತುಹಾಕಿದೆ. ಯಾರು ನೋಡುತ್ತಾರೆ.

ಸಂಜೆ ಫೋನು ಒಂದು ರಿಂಗ್ ಆಗಿ ನಿಂತಿತು. ತಿಪ್ಪೇಶ್ ಸಂಡೂರು ಬಿಟ್ಟರು ಎಂದರ್ಥ. ಎತ್ತಬಾರದು. ಮದುವೆಯಾದ ಹೊಸದರಲ್ಲಿ ದುಡ್ಡು ಉಳಿಸಲು ಮಾಡಿಕೊಂಡ ಏರ್ಪಾಡು, ಈಗ ಅದೇ ರೂಢಿ. ಒಂದು ರಿಂಗ್ ಆದ ತಕ್ಷಣ ಅತ್ತೆ ಎದ್ದು ಅಕ್ಕಿ ತೊಳೆಯುತ್ತಾರೆ.

ಅತ್ತೆ ಎದುರು 'ಅವರು', 'ರೀ'. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಬರೆದರೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೇನೆ. ತಿಪ್ಪೇಶ್, ತಿಪ್ಪೇಶ್, ತಿಪ್ಪೇಶ್.

೯ ಆಗಸ್ಟ್, ಶನಿವಾರ

ಆಟದ ಜೊತೆ ಬಂದ ನಕ್ಷೆಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಯಾವ ಗುಡ್ಡ ಎಷ್ಟು ಎತ್ತರ ಇರಬೇಕು, ನನಗೇನು ಗೊತ್ತು. ಟೆಸ್ಟಿಂಗ್‌ಗೆ ಗೊತ್ತಿರುವ ನೆಲ ಬೇಕು. ಹಾಗಾಗಿ ಸಂಡೂರನ್ನೇ ಬರೆದೆ. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು, ಸ್ಕೂಲ್ ಬಸ್ಸಿನ ಕಿಟಕಿಯಿಂದ ಆ ಗುಡ್ಡಗಳನ್ನು ಬಾಯಿಪಾಠ ಮಾಡಿದ್ದೇನೆ. ಎತ್ತರ ಮರೆತ ಕಡೆ ತಿಪ್ಪೇಶ್ ಹೇಳಿದರು. ಖಾಸಗಿ ಗಣಿಯಲ್ಲಿ ಸರ್ವೇಯರ್. ನಿದ್ದೆಯಲ್ಲೂ ಗುಡ್ಡ ಅಳೆಯುತ್ತಾರೆ. ಸುಂಕಲಮ್ಮನ ಕೆರೆಯನ್ನೂ ಹಾಕಿದೆ. ಐದನೇ ಕ್ಲಾಸಿನಲ್ಲಿ ಪಿಕ್ನಿಕ್ ಹೋಗಿ ಅದರ ಏರಿಯ ಮೇಲೆ ಕುಳಿತು ಚಿತ್ರಾನ್ನ ತಿಂದಿದ್ದೆವು. ಈಗ ಗಣಿಯ ಕೆಂಪು ಹೂಳು ತುಂಬಿ, ಜಾಲಿ ಬೆಳೆದು, ಅದು ಕೆರೆ ಎಂದೇ ತಿಳಿಯುವುದಿಲ್ಲವಂತೆ.

ತಮಾಷೆಗೆ, ನಿಜವಾದ ಚೆಕ್‌ಪೋಸ್ಟ್ ಇರುವ ಜಾಗದಲ್ಲೇ ಆಟದ ಸುಂಕದ ಗೇಟ್ ಇಟ್ಟೆ. ಶತ್ರುವಿನ ಗಾಡಿಗಳು ಗೇಟ್ ತಪ್ಪಿಸಿಕೊಂಡು ಹೋಗಬೇಕು. ದಾರಿಯನ್ನು ಅವೇ ಹುಡುಕಿಕೊಳ್ಳಬೇಕು, ನಾನು ಹೇಳಿಕೊಡುವಂತಿಲ್ಲ. ಅದೇ ಈ ಆಟದ ಜೀವ.

ಬಿಟ್ಟೆ. ಒಂದು ಕ್ಷಣ ತಡವರಿಸಿ ನಿಂತವು. ಆಮೇಲೆ ಎಡಕ್ಕೆ ತಿರುಗಿ, ಹಳೆಯ ಮ್ಯಾಂಗನೀಸ್ ಗುಂಡಿ ಬಳಸಿ, ಗುಡ್ಡದ ಬೆನ್ನಿನಿಂದ ಹೆದ್ದಾರಿಗೆ ಇಳಿದವು. ಹೆತ್ತ ಮಗು ಮೊದಲ ಸಲ ನಡೆದಂತೆ. ಕಣ್ಣಲ್ಲಿ ನೀರು ಬಂತು, ಯಾರಿಗೂ ಹೇಳಲಿಲ್ಲ.

೨೧ ಆಗಸ್ಟ್, ಗುರುವಾರ

ಹೈದರಾಬಾದಿನಿಂದ ಎರಡು ಡಬ್ಬಿ ಬಂದವು. ಆಟ ಗೊತ್ತಿಲ್ಲದವರ ಕೈಗೆ ಕೊಟ್ಟು ನೋಡಿ ಎಂದಿದ್ದಾರೆ. ಮೊದಲ ಬಲಿ ಅತ್ತೆ. ಕಡ್ಡಿಯಿಂದ ಪರದೆ ಚುಚ್ಚಿ ಚುಚ್ಚಿ ಒಂದು ಗಂಟೆ ಆಡಿದರು. ಸೈನ್ಯ ಕಟ್ಟಲಿಲ್ಲ, ಬರೀ ಹೊಲ ಮಾಡಿದರು.

"ಈ ರಾಜಗ ಜಗಳ ಬಿಟ್ರ ಬ್ಯಾರೆ ಕೆಲ್ಸ ಇಲ್ಲೇನ?" ಎಂದು ಕೇಳಿದರು. ಕಂಪನಿಗೆ ಹಾಗೇ ಬರೆದು ಕಳಿಸಲೇ ಎನಿಸಿತು.

ಇನ್ನೊಂದನ್ನು ತಿಪ್ಪೇಶ್ ಗಣಿಗೆ ಒಯ್ದರು. ವೇ ಬ್ರಿಡ್ಜಿನ ಹುಡುಗರು ಲಾರಿ ತೂಗುವ ನಡುವೆ ಆಡಲಿ ಎಂದು. ಸಂಡೂರಿನ ನಕ್ಷೆ ಹಾಕಿಕೊಟ್ಟೆ. ತಮ್ಮ ಗುಡ್ಡ ಕಂಡರೆ ಖುಷಿಪಡುತ್ತಾರೆ ಎಂದು ನಾನೇ ಹಾಕಿಕೊಟ್ಟೆ.

೩೦ ಆಗಸ್ಟ್, ಶನಿವಾರ

ರಿಂಗ್ ಬರಲಿಲ್ಲ. ಕತ್ತಲಾದ ಮೇಲೆ ಬಂದರು. ಊಟ ಬೇಡ ಎಂದರು. ಬಚ್ಚಲಿಗೆ ಕರೆದು ನಲ್ಲಿ ಬಿಟ್ಟು ಮಾತಾಡಿದರು, ಅತ್ತೆಗೆ ಕೇಳಬಾರದೆಂದು.

"ಆ ದಾರಿ ನಿನಗ ಯಾರು ಹೇಳಿದ್ರು?"

"ಯಾವ ದಾರಿ ರೀ?"

"ಮ್ಯಾಂಗನೀಸ್ ಗುಂಡಿ ಹಿಂದಿಂದು."

ಯಾರೂ ಹೇಳಲಿಲ್ಲ, ಗಾಡಿಗಳೇ ಹುಡುಕಿಕೊಂಡವು ಎಂದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಪರ್ಮಿಟ್ ಇಲ್ಲದೆ ಅದಿರು ಸಾಗಿಸುವ ಲಾರಿಗಳೆಲ್ಲ ಅದೇ ದಾರಿಯಲ್ಲಿ ಹೋಗುವುದಂತೆ. ಟ್ರಾನ್ಸ್‌ಪೋರ್ಟ್ ಪಾಲಪ್ಪನಿಗೂ ಅವನ ನಂಬಿಗಸ್ತ ಡ್ರೈವರುಗಳಿಗೂ ಬಿಟ್ಟರೆ ಗೊತ್ತಿರುವುದು ಗಣಿಯ ಸರ್ವೇಯರಿಗೆ ಮಾತ್ರ. ವೇ ಬ್ರಿಡ್ಜಿನಲ್ಲಿ ಹುಡುಗರು ಗುಂಪುಗೂಡಿ ನಗುತ್ತಿದ್ದಾಗ ಪಾಲಪ್ಪ ಇಣುಕಿದನಂತೆ. ಚೆಕ್‌ಪೋಸ್ಟ್ ಇದ್ದಲ್ಲೇ ಗೇಟು, ತನ್ನ ದಾರಿಯಲ್ಲೇ ಗಾಡಿಗಳ ಸಾಲು. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದನಂತೆ.

ಹೋದ ವರ್ಷ ಅಲ್ಲಿ ಮುದುಕಪ್ಪ ಎಂಬ ಕ್ಲರ್ಕ್ ಇದ್ದ. ಪೇಪರಿನವರ ಜೊತೆ ಚಹಾ ಕುಡಿದ ಎಂದು ಸುದ್ದಿಯಾಯಿತು. ಆ ವಾರವೇ ಅವನ ಬೈಕಿಗೆ ಲಾರಿ ತಾಗಿತು. ಈಗ ಒಂದು ಕಾಲಿಲ್ಲ. ಇದನ್ನು ತಿಪ್ಪೇಶ್ ನನಗೆ ಮೊದಲೇ ಹೇಳಿದ್ದರು, ಆಗ ಅಯ್ಯೋ ಪಾಪ ಎಂದಿದ್ದೆ.

ನಲ್ಲಿ ಇನ್ನೂ ಬಿಟ್ಟೇ ಇತ್ತು.  

೩ ಸೆಪ್ಟೆಂಬರ್, ಗಣೇಶನ ಹಬ್ಬ

ಕಡುಬು ಮಾಡಿದೆವು. ಬಾಯಿಗೆ ರುಚಿ ಹತ್ತಲಿಲ್ಲ. ಅತ್ತೆಯ ತಮ್ಮನ ಅಕ್ಕಿ ಗಿರಣಿ ಇದೆ ಕಂಪ್ಲಿಯಲ್ಲಿ — ಸ್ವಲ್ಪ ದಿನ ಅಲ್ಲಿ ಹೋಗಿರೋಣ ಎಂದೆ.

"ಈಗ ಕೆಲ್ಸ ಬಿಟ್ಟು ಹೋದ್ರ, ಹೌದು ನಾನೇ ಹೇಳೀನಿ ಅಂತ ಒಪ್ಕೊಂಡಂಗ" ಎಂದರು.

ಹೌದು. ಆದರೂ.

೫ ಸೆಪ್ಟೆಂಬರ್, ಶುಕ್ರವಾರ

ಓಣಿಯ ತುದಿಯಲ್ಲಿ ಕೆಂಪು ಧೂಳಿನ ಜೀಪು. ಬೆಳಿಗ್ಗೆ ಇತ್ತು. ಹಾಲು ತರಲು ಹೋದಾಗಲೂ ಇತ್ತು. ಒಳಗೆ ಕುಳಿತವನು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದ. ನನ್ನನ್ನು ನೋಡಿ ಹಾಡು ಸಣ್ಣದು ಮಾಡಿದ. ಅಷ್ಟೇ ಮಾಡಿದ್ದು. ಹಾಲಿನ ಚೊಂಬು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿತ್ತು.

೬ ಸೆಪ್ಟೆಂಬರ್, ಶನಿವಾರ, ಮಧ್ಯಾಹ್ನ

ಪಾಲಪ್ಪ ಮನೆಗೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಅತ್ತೆಗೆ ಕೈ ಮುಗಿದು, ಚೀಲ ತುಂಬ ಮೋಸಂಬಿ ಕೊಟ್ಟ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಹಿಂದೆ ತಿಪ್ಪೇಶ್, ನೆಲ ನೋಡುತ್ತ ನಿಂತಿದ್ದರು. ಪಾಲಪ್ಪ ಜೇಬಿನಿಂದ ನಮ್ಮ ಡಬ್ಬಿ ತೆಗೆದ.

"ತಂಗಿ, ಭಾಳ ಶಾಣ್ಯಾರಂತ ನೀವು. ನಂಗೂ ಒಂದೀಟು ತಿಳಿಸಿ ಹೇಳ್ರಿ. ಈ ಡಬ್ಬಿಗೆ ನನ್ನ ದಾರಿ ಯಾರು ತೋರ್ಸಿದ್ರು?"

ಯಾರೂ ಇಲ್ಲ ಅಣ್ಣಾರ, ಗುಡ್ಡದ ಎತ್ತರ ಮಾತ್ರ ನಾನು ಹಾಕಿದ್ದು, ಎಲ್ಲಿ ಹೋದರೆ ಹತ್ತಿರ ಎಂದು ಅದೇ ಲೆಕ್ಕ ಹಾಕುತ್ತದೆ ಎಂದೆ. ನಕ್ಕ.

"ಡಬ್ಬಿ ಲೆಕ್ಕ ಹಾಕ್ತದ. ತಿಪ್ಪೇಶಿ ಸುಮ್ನ ಕುಂತಿರ್ತಾನ. ಹೌದಲ್ಲ?"

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. ಈ ಗೇಟ್ ಇರಲಿ, ಇನ್ನೊಂದನ್ನು ನೀವೇ ಎಲ್ಲಿ ಬೇಕೋ ಅಲ್ಲಿಡಿ, ಅದು ಏನು ಮಾಡುತ್ತದೆ ನೋಡಿ ಎಂದೆ. ಕಡ್ಡಿ ಅವನ ಕೈಗೆ ಕೊಟ್ಟೆ. ತನ್ನ ಗುಟ್ಟಿನ ದಾರಿಗೇ ಅಡ್ಡವಾಗಿ, ಮ್ಯಾಂಗನೀಸ್ ಗುಂಡಿಯ ಬಾಯಲ್ಲೇ ಗೇಟ್ ಇಟ್ಟ. ಗಾಡಿಗಳು ನಿಂತವು.  ಆಮೇಲೆ ಬಲಕ್ಕೆ ತಿರುಗಿದವು. ಕಾಡಿನ ಅಂಚು ಹಿಡಿದು, ಸುಂಕಲಮ್ಮನ ಕೆರೆಯ ಪಕ್ಕ ಹಾಯ್ದು, ನೇರ ಹೆದ್ದಾರಿಗೆ.

ಪಾಲಪ್ಪ ಗಾಡಿಗಳನ್ನು ಇನ್ನೊಮ್ಮೆ ಬಿಟ್ಟು ನೋಡಿದ, ಮತ್ತೆ ಅದೇ ದಾರಿ. ಚಹಾ ತಣ್ಣಗಾಗಿ ಕೆನೆ ಕಟ್ಟಿತು.

"ಇದು ನಮಗ್ಯಾರಿಗೂ ಹೊಳದಿದ್ದಿಲ್ಲ" ಎಂದ ಕೊನೆಗೆ.

"ಅದಕ್ಕ ಕಣ್ಣಿಲ್ಲ, ನಾಲಿಗಿ ಇಲ್ಲ ಅಣ್ಣಾರ. ಸುಳ್ಳು ಹೇಳಾಕ ಬರಂಗಿಲ್ಲ. ತಪ್ಪು ಮಾಡಂಗಿಲ್ಲ" ಎಂದೆ.

ಪಾಲಪ್ಪ ತಿಪ್ಪೇಶರ ಬೆನ್ನು ತಟ್ಟಿ ಹೋದ. ಜೀಪೂ ಹೋಯಿತು. ಅವರು ಮಂಚದ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು.

೭ ಸೆಪ್ಟೆಂಬರ್, ಭಾನುವಾರ

ಮೋಸಂಬಿ ತಿಂದೆವು. ಸಿಹಿ ಇದ್ದವು. ನಿನ್ನೆ ಅವನು ದಂಗಾಗಿ ನೋಡುತ್ತಿದ್ದಾಗ ಒಳಗೊಳಗೇ ಹೆಮ್ಮೆ ಆಗಿತ್ತು. ಇದನ್ನು ಬರೆಯಲು ನಾಚಿಕೆ.

೨೪ ಸೆಪ್ಟೆಂಬರ್, ಬುಧವಾರ

ಎರಡು ವಾರ ಬರೆಯಲಿಲ್ಲ. ನೆಮ್ಮದಿಯಿದ್ದರೆ ಬರೆಯಲು ಏನಿರುತ್ತದೆ. ಆಟ ಮುಗಿಸಿ ಹೈದರಾಬಾದಿಗೆ ಕಳಿಸಿದೆ. ಅವರು ಪರೀಕ್ಷೆ ಮಾಡಿ ತಪ್ಪುಗಳ ಪಟ್ಟಿ ಕಳಿಸುತ್ತಾರೆ.

ಇವತ್ತು ತಿಪ್ಪೇಶ್ ಬಂದು ಹೇಳಿದರು — ಚೆಕ್‌ಪೋಸ್ಟ್ ಇನ್ನೊಂದು ಬರುತ್ತದಂತೆ. ಎಲ್ಲಿಗೆ ಗೊತ್ತೇ? ಮ್ಯಾಂಗನೀಸ್ ಗುಂಡಿಯ ಹತ್ತಿರಕ್ಕೆ.

"ಪಾಲಪ್ಪ ಏನಂದ್ರು?" ಎಂದು ಕೇಳಿದೆ.

"ನಕ್ಕ. ನಿನ್ನ ಹೆಣ್ತಿ ದಾರಿ ಇದ್ದೇ ಐತಲ್ಲ ಅಂದ."

ನನ್ನ ದಾರಿ.

೪ ಅಕ್ಟೋಬರ್, ಶನಿವಾರ

ಮಳೆ ಹಿಡಿದಿದೆ. ಪಾಲಪ್ಪನ ಹುಡುಗರು ಬೈಕಿನಲ್ಲಿ ಹೋಗಿ ದಾರಿ ನೋಡಿ ಬಂದರಂತೆ. ಅಗಲ ಇದೆ, ಗಟ್ಟಿ ಇದೆ, ಬದಿಯಲ್ಲೆಲ್ಲ ಜಾಲಿ, ಅದನ್ನು ಕಡಿದರೆ ಲಾರಿ ಸಲೀಸು ಎಂದರಂತೆ. ಏನೋ ಮರೆತಂತೆ ಅನಿಸುತ್ತಿದೆ. ಏನೆಂದು ಗೊತ್ತಿಲ್ಲ. ಎಲ್ಲ ಸರಿಯಿದೆಯಲ್ಲ. ತಿಪ್ಪೇಶರ ಮೇಲಿನ ಅನುಮಾನ ಹೋಗಿದೆಯಲ್ಲ.

೧೨ ಅಕ್ಟೋಬರ್, ಭಾನುವಾರ

ನಾಳೆ ಮೊದಲ ಸಲ ಆ ದಾರಿಯಲ್ಲಿ ಲಾರಿ ಬಿಡುತ್ತಾರೆ. ಮಳೆಯಲ್ಲಿ ಯಾರೂ ಅತ್ತ ಸುಳಿಯುವುದಿಲ್ಲ, ಹಗಲಿನಲ್ಲೇ ಆಗಲಿ ಎಂದಿದ್ದಾನೆ ಪಾಲಪ್ಪ. ಮೊದಲ ಲಾರಿಯಲ್ಲಿ ತಿಪ್ಪೇಶ್ ಕುಳಿತು ಹೋಗಬೇಕಂತೆ.

"ಸರ್ವೇಯರ್ ಯಾಕ ಲಾರ್ಯಾಗ ಕುಂದ್ರಬೇಕು?" ಎಂದು ಕೇಳಿದೆ.

"ನಿನ್ನ ಹೆಣ್ತಿ ಹುಡುಕಿದ ದಾರಿ, ನೀನೇ ಮುಂದ ಇರು ಅಂದಾನ. ಮರ್ಯಾದಿ ಕೊಟ್ಟಂಗ ಮಾಡಿ ಹೇಳ್ದ. ಇಲ್ಲ ಅನ್ನಾಕ ಆಗ್ತದೇನು?"

ಆಗುವುದಿಲ್ಲ. ಇಬ್ಬರಿಗೂ ಗೊತ್ತು. ಲೈಟ್ ಆರಿಸಿದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು. ನಾಳೆ ಒಂದು ರಿಂಗ್ ಕೊಡುತ್ತೇನೆ, ಹೆದ್ದಾರಿಗೆ ಇಳಿದ ತಕ್ಷಣ, ಎಂದರು.

೧೩ ಅಕ್ಟೋಬರ್, ಸೋಮವಾರ, ಬೆಳಿಗ್ಗೆ

ನಸುಕಿನಲ್ಲೇ ಹೋದರು. ರೇನ್‌ಕೋಟ್ ಹಾಕಿಕೊಳ್ಳಲಿಲ್ಲ, ಲಾರಿಯಲ್ಲಿ ಬೇಕಾಗುವುದಿಲ್ಲ ಎಂದರು. ಮನಸ್ಸು ಬೇರೆ ಕಡೆ ಇರಲಿ ಎಂದು ಮೇಲ್ ತೆಗೆದೆ. ಹೈದರಾಬಾದಿನ ಪಟ್ಟಿ ಬಂದಿದೆ. ಬಟನ್ನಿನ ಬಣ್ಣ, ಸದ್ದು, ಇತ್ಯಾದಿ. ಆರನೆಯದು —

'ತುಂಬಿದ ಗಾಡಿ ಕೆರೆ ಏರಿಯ ಮೇಲೆ ಹೋದರೂ ಏರಿ ಒಡೆಯುತ್ತಿಲ್ಲ. ಮೂಲ ಆಟದಲ್ಲಿ ಒಡೆಯುತ್ತದೆ. ಸರಿಪಡಿಸಿ.'

ಓದಿ ನಗು ಬಂತು. ಕೊನೆಗೂ ಒಬ್ಬ ನೋಡಿಬಿಟ್ಟನಲ್ಲ ಎಂದು. ನಗುತ್ತಲೇ ಸಂಡೂರಿನ ನಕ್ಷೆ ತೆರೆದೆ, ಏರಿ ಎಲ್ಲೆಲ್ಲಿದೆ ನೋಡೋಣವೆಂದು.

ಒಂದೇ ಕಡೆ ಇದೆ. ಸುಂಕಲಮ್ಮನ ಕೆರೆ.

ಅವತ್ತು ಗಾಡಿಗಳು ಕೆರೆಯ ಪಕ್ಕ ಹೋಗಲಿಲ್ಲ. ಏರಿಯ ಮೇಲೆ ಹೋದವು. ಕಂಪ್ಯೂಟರಿನ ನಕ್ಷೆಯಲ್ಲಿ ನಾನೇ ಅದನ್ನು ಏರಿ ಎಂದು ಬರೆದಿದ್ದೆ. ಡಬ್ಬಿಗೆಂದು ಐದಕ್ಕೆ ಇಳಿಸುವ ಅವಸರದಲ್ಲಿ 'ದಾರಿ' ಮಾಡಿದ್ದೂ ನಾನೇ. ಬೈಕಿನ ಹುಡುಗರಿಗೆ ಜಾಲಿಯ ನಡುವೆ ಅಗಲವಾದ ಮಣ್ಣಿನ ದಾರಿ ಕಂಡಿತು. ಹೂಳಿನ ಮೇಲೆ ನೀರು ಆಗಿನ್ನೂ ನಿಂತಿರಲಿಲ್ಲವೇನೋ. ಈಗ ಹತ್ತು ದಿನದ ಮಳೆಯ ನೀರು ನಿಂತಿದೆ. ಚಿತ್ರಾನ್ನ ತಿಂದ ದಿನವೇ ಟೀಚರ್ ಹೇಳಿದ್ದರು, ಹಳೇ ಮಣ್ಣಿನ ಏರಿ, ಓಡಬ್ಯಾಡ್ರಿ ಎಂದು.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಮಾಡಿದೆ. ಹೊರಗಿದ್ದಾರೆ.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಪಾಲಪ್ಪನಿಗೆ ಮಾಡಿದೆ. ಎತ್ತಿದ. ಅಣ್ಣಾರ, ಅದು ದಾರಿ ಅಲ್ಲ, ಕೆರೆ ಏರಿ, ಲಾರಿ ತಡೀರಿ, ಕಾಲಿಗೆ ಬೀಳ್ತೀನಿ ಎಂದೆ.

"ತಂಗಿ, ಡಬ್ಬಿ ತಪ್ಪು ಮಾಡಂಗಿಲ್ಲ ಅಂತ ನೀವೇ ಅಂದಿದ್ರಿ."

"ಡಬ್ಬಿದಲ್ಲ, ತಪ್ಪು ನಂದು. ನಾನೇ ತಪ್ಪು ಹಾಕೀನಿ."



"ಇಷ್ಟು ದಿನ ಇಲ್ಲದ್ದು, ಲಾರಿ ಹೊಂಟ ಮ್ಯಾಲೆ ತಪ್ಪು ಅಂತೀರಿ. ಯಾರರ ಬಂದು ಹೇಳಿಕೊಟ್ಟಾರೇನು ನಿಮಗ?"

ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತುವುದಿಲ್ಲ. ಯಾರೂ ಹೇಳಿಕೊಟ್ಟಿಲ್ಲ ಎಂದು ಅವತ್ತು ನಂಬಿಸಿದೆ. ಇವತ್ತು ನಂಬಿಸಲು ಆಗಲಿಲ್ಲ.

ಇನ್ನು ಒಂದೇ ಉಳಿದಿದೆ. ಅದನ್ನು ಮಾಡಿದರೆ ಪಾಲಪ್ಪ ಅನುಮಾನಪಟ್ಟಿದ್ದೇ ನಿಜವಾಗುತ್ತದೆ. ಮುದುಕಪ್ಪನ ಕಾಲು ಕಣ್ಣ ಮುಂದೆ ಬರುತ್ತಿದೆ. ಮಾಡದಿದ್ದರೆ ಏರಿ.

ಕಾಲಿಲ್ಲದಿದ್ದರೂ ಸರಿ. ಇರಲಿ. ಇದ್ದರೆ ಸಾಕು.

ಅದೇ ದಿನ

ಮಾಡಿದೆ. ಸಂಡೂರು ಪೊಲೀಸ್ ಸ್ಟೇಷನ್ನಿಗೆ. ಸುಂಕಲಮ್ಮನ ಕೆರೆ ಏರಿ ಮೇಲೆ ಪರ್ಮಿಟ್ ಇಲ್ಲದ ಲಾರಿ ಬರ್ತಾವ, ಜಲ್ದಿ ಹೋಗಿ ತಡೀರಿ ಎಂದೆ. ಹೆಸರು ಕೇಳಿದರು. ಇಟ್ಟೆ. ನನ್ನ ನಂಬರು ಅವರಿಗೆ ಕಂಡಿರುತ್ತದೆ. ಕಾಣಲಿ. ಈಗಲೇ ಜೀಪು ಕಳಿಸ್ತೀವಿ ಎಂದಿದ್ದರು. ಸಂಡೂರಿನಿಂದ ಅಲ್ಲಿಗೆ ಎಷ್ಟು ದೂರ? ನಕ್ಷೆಯಲ್ಲಿ ಬೆರಳಗಲ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಬೈಯಲಿಲ್ಲ. ಬಂದು ಪಕ್ಕದಲ್ಲಿ ಕುಳಿತರು.

"ಬರ್ತಾನ ತಗ. ನೀ ಬರಕೋತ ಕುಂದ್ರು, ಕೈ ಸುಮ್ನ ಇಡಬ್ಯಾಡ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ ಇವತ್ತು. ಅವರು. ಹಿಂದಿನ ಪುಟಗಳಲ್ಲಿ ಬರೆದದ್ದನ್ನೆಲ್ಲ ಹೊಡೆದುಹಾಕೋಣ ಎಂದುಕೊಂಡೆ, ಹೆಸರಿನ ಮೇಲೆ ಗೀಟು ಎಳೆಯಲು ಇನ್ನೂ ಹೆದರಿಕೆಯಾಯಿತು.

ಸುಮ್ಮನಿರಲಾರದೆ ಏರಿಯನ್ನು ಮತ್ತೆ ಏರಿ ಮಾಡಿದೆ. ಕಿತ್ತುಹಾಕಿದ್ದ ನಿಯಮವನ್ನೂ ವಾಪಸ್ ಹಾಕಿದೆ. ಆರನೇ ಬಗೆಯ ನೆಲ. ಮೆಮೊರಿ ಸಾಕಾಯಿತು. ಸಾಕಾಗುತ್ತಿತ್ತು ಅವತ್ತೂ. ಗಾಡಿಗಳನ್ನು ಬಿಟ್ಟೆ. ಅತ್ತ ತಿರುಗಲೇ ಇಲ್ಲ. ಗಣಿಯ ಬಾಗಿಲಲ್ಲೇ ಸಾಲಾಗಿ ನಿಂತಿವೆ. ದಾರಿ ಇಲ್ಲ ಎಂದು ನಿಂತಿವೆ.

ಹಾಗೇ ನಿಂತಿರಲಿ ದೇವರೇ. ಅಲ್ಲಿಯೂ ಹಾಗೇ.

ಮಳೆ ಕಡಿಮೆಯಾಗಿದೆ. ಅತ್ತೆ ಅಕ್ಕಿ ಮೊರಕ್ಕೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ರಿಂಗ್ ಬಂದ ಕೂಡಲೇ ತೊಳೆಯಲು.

ಬಂತು. ಅವರ ನಂಬರೇ. ಅತ್ತೆ ಎದ್ದರು. ಒಂದು ರಿಂಗ್. ಇನ್ನು ನಿಲ್ಲಬೇಕು.

ಎರಡು.

ಅತ್ತೆ ನನ್ನ ಮುಖ ನೋಡುತ್ತಿದ್ದಾರೆ. ನಿಲ್ಲುತ್ತಿಲ್ಲ. ಮೂರು — ನಿಲ್ಲು, ನಿಲ್ಲು, ಒಂದೇ ಅಂತ ಹೇಳಿದ್ದಿರಲ್ಲ ರೀ, ಒಂದೇ